ಕಂಬಳಿ ತಿಂದ ಇಲಿ

ತೆಲಸಂಗದ ವಿರುಪಾಕ್ಷಪ್ಪನಿಗೆ ಐವತ್ತಾರು ವಯಸ್ಸು, ನಾಲ್ಕು ಎಕರೆ ದ್ರಾಕ್ಷಿ, ಒಬ್ಬಳೇ ಹೆಂಡತಿ ಮತ್ತು ಒಂದು ಮೋಟಾರ್‌ಸೈಕಲ್ಲು. ಇವುಗಳಲ್ಲಿ ಯಾವುದರ ಮೇಲೆ ಪ್ರೀತಿ ಹೆಚ್ಚು ಎಂದು ಯಾರಾದರೂ ಕೇಳಿದರೆ ಆತ ಮೀಸೆಯಡಿ ನಗುತ್ತಿದ್ದ, ಉತ್ತರ ಮಾತ್ರ ಕೊಡುತ್ತಿರಲಿಲ್ಲ. ಉತ್ತರ ಹೆಂಡತಿ ಕಸ್ತೂರೆವ್ವನಿಗೆ ಗೊತ್ತಿತ್ತು ಎನ್ನಿ. ಕನಿಷ್ಠ ಗೊತ್ತಿದೆ ಎಂದು ಆಕೆ ತಿಳಿದಿದ್ದಳು.

ಗಾಡಿಗೆ ಹದಿಮೂರು ವರ್ಷ. ಕಾಲೇಜು ಹುಡುಗರು ಮುಂದೆ ಬಾಗಿ ಕೂತು ಓಡಿಸುವಂಥ ಕೆಂಪು ಗಾಡಿ. ಊರಿನ ಮಿಕ್ಕ ಗಾಡಿಗಳೆಲ್ಲ ಬರೀ ಗಾಳಿಗೆ ತಣಿಯುತ್ತಿದ್ದರೆ ಇದರದು ನೀರಿನ ಎಂಜಿನ್ನು. ಮುಂದೆ ಒಂದು ಪುಟ್ಟ ರೇಡಿಯೇಟರ್, ಅದರ ಬೆನ್ನಿಗೆ ಅಂಗೈಯಗಲದ ಒಂದು ಫ್ಯಾನು. ಗಾಡಿ ಓಡುವಾಗ ಎದುರುಗಾಳಿಯೇ ನೀರನ್ನು ತಣಿಸುತ್ತದೆ. ನಿಧಾನವಾದಾಗ, ನಿಂತಾಗ, ಫ್ಯಾನು ತಾನಾಗಿ ತಿರುಗಿ ಗಾಳಿ ಎಳೆಯುತ್ತದೆ. ಇದನ್ನು ವಿರುಪಾಕ್ಷಪ್ಪ ಕಟ್ಟೆಯ ಮೇಲೆ ಕೂತವರಿಗೆಲ್ಲ ಹದಿಮೂರು ವರ್ಷದಿಂದ ವಿವರಿಸುತ್ತ ಬಂದಿದ್ದ. ಕೇಳಿದವರು ತಲೆಯಾಡಿಸಿ, ಆತ ಎದ್ದು ಹೋದ ಮೇಲೆ ನಗುತ್ತಿದ್ದರು.

ಅಂಥ ಗಾಡಿ ಈಗ ಸುಮಾರು ಒಂದು ವರ್ಷದಿಂದ ಕುದಿಯುತ್ತಿತ್ತು. ನಿಧಾನಕ್ಕೆ ಬಿಟ್ಟರೆ ಸಾಕು, ಕೆಂಪು ದೀಪ ಹತ್ತಿ, ಪಕ್ಕದಿಂದ ಬಿಸಿನೀರು ಕಾರಿ, ಎಂಜಿನ್ನು ಮುನಿಸಿಕೊಂಡು ನಿಂತುಬಿಡುತ್ತಿತ್ತು. ಜೋರಾಗಿ ಓಡಿಸಿದರೆ ಏನೂ ತಕರಾರಿಲ್ಲ. ಹೀಗಾಗಿ ವಿರುಪಾಕ್ಷಪ್ಪ ಜೋರಾಗಿಯೇ ಓಡಿಸುತ್ತಿದ್ದ. ಹಂಗಾಮಿನ ದಿನಗಳು, ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು. ಆತ ಅವುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ದಾಟುತ್ತ ಹೋಗುವಾಗ ಹಿಂದೆ ಕೂತ ಕಸ್ತೂರೆವ್ವ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದಳು. ಕುದಿತ ಶುರುವಾಗುವ ಮೊದಲೂ ಆತನ ಓಟ ಹೀಗೇ ಇತ್ತು, ಹೋದ ವರ್ಷ ಶಿವರಾತ್ರಿಯ ಮುಂಚೆ ಶೇಡಬಾಳದ ಹತ್ತಿರ ರಸ್ತೆಗೆ ಬಿದ್ದ ಕಬ್ಬಿನ ಮೇಲೆ ಜಾರಿ ಆತ ಎಡಗೈ ಮುರಿದುಕೊಂಡಿದ್ದ. ಕೈ ಕೂಡಿಕೊಂಡಿತು, ಆತ ಮರೆತ. ಆಕೆ ಮರೆಯಲಿಲ್ಲ.

ಅದೇ ವರ್ಷ ಮನೆಯಲ್ಲಿ ಇನ್ನೊಂದು ಪೀಡೆ ಶುರುವಾಗಿತ್ತು. ವಿರುಪಾಕ್ಷಪ್ಪ ಹೊದೆಯುವ ಕರಿ ಕಂಬಳಿಯ ಅಂಚನ್ನು ಇಲಿ ತಿನ್ನುತ್ತಿತ್ತು. ತಿಂಗಳಿಗೆ ನಾಲ್ಕೆಳೆ, ಐದೆಳೆ. ಆತ ಬೋನು ತಂದ. ಬೋನಿನೊಳಗೆ ಒಣಕೊಬ್ಬರಿ ಇಟ್ಟ, ರೊಟ್ಟಿ ಇಟ್ಟ, ಕೊನೆಗೆ ಮನೆಯ ಮಾಲು ಎಂದು ಒಣದ್ರಾಕ್ಷಿಯನ್ನೂ ಇಟ್ಟು ನೋಡಿದ. ಇಲಿ ಬೀಳಲಿಲ್ಲ.

"ಭಾಳ ಶ್ಯಾಣ್ಯಾ ಇಲಿ ಇರಬೇಕ್ರಿ," ಎಂದು ಕಸ್ತೂರೆವ್ವ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದ್ದಳು.

ಗಾಡಿಯ ಮಾನ ಹರಾಜಾದದ್ದು ಈ ಗುರುವಾರ, ಅಥಣಿ ಬಸ್‌ಸ್ಟ್ಯಾಂಡಿನ ಎದುರು. ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕು ಹತ್ತು ನಿಮಿಷ ತೆವಳಿದ್ದೇ ತಡ, ಕೆಂಪು ದೀಪ ಹತ್ತಿತು, ಬುಸ್ಸೆಂದು ಆವಿ ಎದ್ದಿತು, ಗಾಡಿ ನಿಂತಿತು. ಹೊಸ ಇಳಕಲ್ ಸೀರೆ ಉಟ್ಟಿದ್ದ ಕಸ್ತೂರೆವ್ವ ಇಳಿದು, ಸೆರಗು ಸೊಂಟಕ್ಕೆ ಸಿಗಿಸಿ, ಇಡೀ ಅಥಣಿ ನೋಡುತ್ತಿರುವಂತೆ ಗಾಡಿಯನ್ನು ಹಿಂದಿನಿಂದ ನೂಕಿದಳು. ಯಾರೋ ಸೀಟಿ ಹೊಡೆದರು. ಬೇವಿನ ಮರದ ನೆರಳಿಗೆ ಗಾಡಿ ಮುಟ್ಟಿಸಿ ಆಕೆ ಗಂಡನ ಕಡೆ ತಿರುಗಿದಳು.

"ಸೋಮವಾರ ನಮ್ಮ ಉತ್ತಮ ರಾಯಬಾಗದಿಂದ ಬರ್ತಾನ," ಎಂದಳು. ಉತ್ತಮ ಆಕೆಯ ತಮ್ಮ. "ಬ್ಯಾಟರಿ ಸ್ಕೂಟಿ ತಂದು ಕೊಡ್ತಾನ, ಇದನ್ನ ಒಯ್ತಾನ. ನಿಪ್ಪಾಣ್ಯಾಗ ಹಳೇ ಗಾಡಿ ಬಿಚ್ಚಿ ಮಾರಾವ್ರು ಅದಾರಂತ."

"ಬಿಚ್ಚಿ?" ವಿರುಪಾಕ್ಷಪ್ಪ ಗಾಡಿಯ ಮೇಲೆ ಕೈಯಿಟ್ಟ. "ಕಸ್ತೂರಿ, ಹಂಗ ಅನಬ್ಯಾಡ. ಒಂದ ಅವಕಾಶ ಕೊಡು."

ಆಕೆ ಕೈಯ ಕಪ್ಪು ಮಸಿಯನ್ನು ಮರಕ್ಕೆ ಒರೆಸಿದಳು. "ಐತವಾರ ನಮ್ಮ ರಾಮವ್ವಕ್ಕನ ಮೊಮ್ಮಗನ ತೊಟ್ಟಲದಾಗ ಹಾಕ್ತಾರ, ಕಾಗವಾಡಕ್ಕ ಹೋಗೂದೈತಿ. ಇದರ ಮ್ಯಾಲೇ ಕರ್ಕೊಂಡು ಹೋಗ್ರಿ. ಕಬ್ಬಿನ ಟ್ರ್ಯಾಕ್ಟರ್ ಹಿಂದ, ಸಾವಕಾಶ. ರಾಮವ್ವಕ್ಕನ ಬಾಗಲಾ ಮುಟ್ಟೂತನಕ ನಿಲ್ಲದಿದ್ರ ಗಾಡಿ ನಿಮ್ಮದು. ನಡುವ ಎಲ್ಲೇ ನಿಂತ್ರೂ ಉತ್ತಮಂದು."

ಶುಕ್ರವಾರ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವಾಗಲೂ ವಿರುಪಾಕ್ಷಪ್ಪನ ಕಣ್ಣಿಗೆ ಕಾಣಿಸಿದ್ದು ನಿಪ್ಪಾಣಿಯ ಯಾವುದೋ ಗೋದಾಮಿನಲ್ಲಿ ಚಕ್ರ ಒಂದು ಕಡೆ, ಪೆಟ್ರೋಲ್ ಟಾಕಿ ಒಂದು ಕಡೆ ಬಿದ್ದ ತನ್ನ ಕೆಂಪು ಗಾಡಿ. ಶನಿವಾರ ಬೆಳಗಾಗುತ್ತಲೇ ಅದನ್ನು ರಾಜೇಸಾಬನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದ. ತೆಲಸಂಗದಿಂದ ಅಥಣಿಗೆ ಎಂಬತ್ತರ ವೇಗದಲ್ಲಿ ಬಂದಿದ್ದರಿಂದ ಗಾಡಿ ತಣ್ಣಗಿತ್ತು.

ರಾಜೇಸಾಬ ಮತ್ತು ಆತ ಒಂದೇ ಬೆಂಚಿನಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವರು. ಗ್ಯಾರೇಜಿನ ಹಿಂದೆಯೇ ರಾಜೇಸಾಬನ ಮನೆ. ಒಂದು ವರ್ಷದಲ್ಲಿ ಆತ ಈ ಗಾಡಿಯ ನೀರು ಬದಲಿಸಿದ್ದ, ಮುಚ್ಚಳ ಬದಲಿಸಿದ್ದ, ನೀರು ಬಿಡುವ ವಾಲ್ವು ಬದಲಿಸಿದ್ದ, ತೆಲಸಂಗದ ಬೋರಿನ ಸವಳು ನೀರು ಒಳಗೆ ಉಪ್ಪು ಕಟ್ಟಿದೆ ಎಂದು ರೇಡಿಯೇಟರನ್ನು ಬಿಚ್ಚದೆಯೇ ಎರಡು ಸಲ ತೊಳೆದಿದ್ದ. ಪ್ರತಿ ಸಲವೂ ವಿರುಪಾಕ್ಷಪ್ಪ ಗಾಡಿಯನ್ನು ವಿಜಯಪುರ ರಸ್ತೆಗೆ ಹಾಕಿ, ಬಾಣದ ಹಾಗೆ ಹೋಗಿ ಬಂದು, "ದೀಪ ಹತ್ತಲಿಲ್ಲಲೇ ರಾಜ್ಯಾ, ಆರಾಮ ಆತು," ಎಂದು ಬೆನ್ನು ತಟ್ಟುತ್ತಿದ್ದ. ಮೂರು ದಿನಕ್ಕೆ ಮತ್ತೆ ಕುದಿತ.

"ಇನ್ನೇನ ಉಳದಿಲ್ಲಪಾ," ರಾಜೇಸಾಬ ತಲೆ ಕೆರೆದುಕೊಂಡ. "ಎಂಜಿನ್ ಬಿಚ್ಚಿ ನೋಡೂದು ಅಷ್ಟ. ಬಿಚ್ಚಿದ್ರ ಐತವಾರಕ್ಕ ಆಗಾಂಗಿಲ್ಲ."

"ಬಿಚ್ಚೂ ಮಾತ ತಗೀಬ್ಯಾಡ. ಆ ಮಾತ ಕೇಳಿ ಕೇಳಿ ಸಾಕಾಗೇತಿ."

ಆಗ ಚಹಾ ತಂದವಳು ರಾಜೇಸಾಬನ ಹೆಂಡತಿ ಹಾಜಿರಾಬಿ. ಮೂವತ್ತು ವರ್ಷ ಗ್ಯಾರೇಜಿನ ಗೋಡೆಗೆ ಅಂಟಿಕೊಂಡೇ ಅಡುಗೆ ಮಾಡಿದ ಹೆಂಗಸು. ಸ್ಪ್ಯಾನರ್ ಹಿಡಿಯದಿದ್ದರೂ ಸಪ್ಪಳದಿಂದಲೇ ರೋಗ ಗುರುತಿಸುವವಳು. ಇಬ್ಬರು ಗಂಡಸರ ಸೋತ ಮುಖ ನೋಡಿ ಕಪ್ಪು ಕೊಡುತ್ತ ಕೇಳಿದಳು.

"ಗಾಡಿ ಯಾವಾಗ ಕಾಯ್ತೈತ್ರಿ ಅಣ್ಣಾರ?"

"ನಿಂತಾಗವಾ."

"ಮತ್ತ ನೀವು ಓಡಿಸಿ ನೋಡ್ತೀರಲ್ಲ! ನಿಂತಾಗ ಜಡ್ಡ ಬರೂದನ್ನ ನಿಲ್ಲಿಸಿಕೊಂಡ ನೋಡಬೇಕಿಲ್ರಿ?"

ರಾಜೇಸಾಬ ವಿರುಪಾಕ್ಷಪ್ಪನ ಮುಖ ನೋಡಿದ, ವಿರುಪಾಕ್ಷಪ್ಪ ರಾಜೇಸಾಬನ ಮುಖ ನೋಡಿದ. ಒಂದು ವರ್ಷದಲ್ಲಿ ಇಬ್ಬರಿಗೂ ಹೊಳೆಯದ ಮಾತು. ರಾಜೇಸಾಬ ಏನೂ ಆಗದವನಂತೆ ಕೆಮ್ಮಿ, "ನಾ ಅದನ್ನ ಮಾಡಾಂವ ಇದ್ನಿ," ಎಂದ. ಹಾಜಿರಾಬಿ ನಕ್ಕು ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು.

ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿ ಬಿಟ್ಟರು. ಚಹಾ ಮುಗಿಯಿತು. ಎಂಜಿನ್ನಿನ ಸುತ್ತ ಗಾಳಿ ಬಿಸಿಯಾಗಿ ನಡುಗತೊಡಗಿತು. ಕೆಂಪು ದೀಪ ಹತ್ತಿತು. ರಾಜೇಸಾಬ ಕಿವಿಯನ್ನು ರೇಡಿಯೇಟರಿನ ಹತ್ತಿರ ಒಯ್ದ.

"ಫ್ಯಾನ್ ಸಪ್ಪಳಾ ಇಲ್ಲ!" ಎಂದು ಕೂಗಿದ. "ಬಂದ್ ಮಾಡು, ಬಂದ್ ಮಾಡು!"

ಸೀಟಿನಡಿ ಫ್ಯೂಜ್ ನೋಡಿದರೆ ಸುಟ್ಟಿತ್ತು. ಹೊಸದು ಹಾಕಿ ಮತ್ತೆ ಚಾಲೂ ಮಾಡಿದರು. ಫ್ಯಾನು ಏಳಬೇಕಾದ ಹೊತ್ತಿಗೆ ಟಿಕ್ ಎಂದು ಅದೂ ಸುಟ್ಟಿತು. ರಾಜೇಸಾಬನ ಮುಖದಲ್ಲಿ ಈಗ ಕಳೆ ಬಂದಿತ್ತು. ಫ್ಯಾನಿನ ವಾಯರು ಬಿಡಿಸಿ, ನೇರ ಬ್ಯಾಟರಿಯಿಂದಲೇ ಎರಡು ತಂತಿ ಎಳೆದು ಮುಟ್ಟಿಸಿದ. ಫ್ಯಾನು ಗುಂಯ್ ಎಂದು ನರಳಿತು, ತಿರುಗಲಿಲ್ಲ.

"ಕರೆಂಟ್ ಮುಟ್ಟಾಕತ್ತೈತಿ, ಇದಕ್ಕ ಹೊಳ್ಳಾಕ ಆಗವಲ್ದು. ಒಳಗ ಏನೋ ಹಿಡದೈತಿ."

"ಮೋಟಾರ್ ಸುಟ್ಟಿದ್ರ?" ವಿರುಪಾಕ್ಷಪ್ಪ ಬಗ್ಗಿ ಫ್ಯಾನನ್ನು ನೋಡಿದ.

"ಸುಟ್ಟಿದ್ರ ಇಷ್ಟ ಹಳೇ ಗಾಡಿ ಫ್ಯಾನ್ ಇಲ್ಲಿ ಎಲ್ಲೂ ಸಿಗಾಂಗಿಲ್ಲ. ಕೊಲ್ಹಾಪುರಕ್ಕ ಹೇಳಬೇಕು, ಹದಿನೈದ ದಿನ."

ಹದಿನೈದು ದಿನ! ಅಷ್ಟರೊಳಗೆ ಉತ್ತಮ ಅದನ್ನು ನಿಪ್ಪಾಣಿಗೆ ಮುಟ್ಟಿಸಿ ಬಂದು ಹೋಳಿಗೆ ಉಂಡಿರುತ್ತಾನೆ. ಎಂಜಿನ್ನು ಆರುವವರೆಗೂ ವಿರುಪಾಕ್ಷಪ್ಪ ಗ್ಯಾರೇಜಿನ ಬಾಗಿಲಿನಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ ಸುಳಿದಾಡಿದ.

ರಾಜೇಸಾಬ ನಾಲ್ಕು ಬೋಲ್ಟು ಬಿಚ್ಚಿ ರೇಡಿಯೇಟರನ್ನು ಸರಿಸಿ ಫ್ಯಾನನ್ನು ಹೊರಗೆ ತೆಗೆದ. ರೆಕ್ಕೆಗಳ ಹಿಂದೆ, ಅವು ತಿರುಗುವ ಅಚ್ಚಿಗೆ ಸುತ್ತಿಕೊಂಡು, ಎಣ್ಣೆ ಧೂಳು ಹತ್ತಿ ಗಟ್ಟಿಯಾದ ಒಂದು ಕರಿ ಉಂಡೆ ಕೂತಿತ್ತು.

"ಇಲಿ ಗೂಡು!" ಎಂದ ರಾಜೇಸಾಬ.

"ಅದ ಅದು!" ವಿರುಪಾಕ್ಷಪ್ಪ ತೊಡೆ ತಟ್ಟಿದ. "ನಮ್ಮ ಕಂಬಳಿ ತಿನ್ನೂ ಇಲಿ. ನೋಡಿಲ್ಲಿ, ಕಂಬಳಿ ಉಣ್ಣೇನ ಇದು! ಬೋನಿಗೆ ಬೀಳಂದ್ರ ಇಲ್ಲಿ ಬಂದು ಸಂಸಾರ ಹೂಡೇತಿ ಕಳ್ಳಂದು."

ರಾಜೇಸಾಬ ಬ್ಲೇಡಿನ ಮೊನೆಯಿಂದ ಉಂಡೆಯನ್ನು ಬಿಡಿಸಿ ಬಿಡಿಸಿ ನೆಲದ ಮೇಲಿನ ಪೇಪರಿಗೆ ಹಾಕಿದ. ಒಣಗಿದ ಮೆಣಸಿನಕಾಯಿಯ ತೊಟ್ಟೂ ನಾಲ್ಕು ಉದುರಿದವು. ಹಾಜಿರಾಬಿ ಬಗ್ಗಿ ಒಂದು ಎಳೆ ಎತ್ತಿ, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದಳು.

"ಅಣ್ಣಾರ," ಎಂದಳು, "ಇಲಿ ಗಂಟ ಹಾಕ್ತೈತೇನ್ರಿ?"

ಎಳೆಯ ಮೇಲೆ ಒಂದರ ಪಕ್ಕ ಒಂದರಂತೆ ಏಳು ಗಂಟುಗಳಿದ್ದವು. ಇನ್ನೊಂದನ್ನು ಎತ್ತಿದಳು, ಅದರ ಮೇಲೂ ಏಳು. ಬಿಡಿಸಿ ಸಾಲಾಗಿ ಇಡುತ್ತ ಹೋದಳು. ಹನ್ನೊಂದು ದಾರಗಳಾದವು.

"ದೃಷ್ಟಿ ದಾರ ಇವು. ಅಮಾಸಿಗೊಂದು ಕಟ್ಟ್ಯಾರ. ಹಿಂದಿಂದು ಇಲ್ಲದ್ದು ನೋಡಿ, ದೃಷ್ಟಿ ಹೊತಗೊಂಡು ಎಲ್ಲೋ ಬಿತ್ತು ಅಂದ್ಕೊಂಡು ಮತ್ತೊಂದ ಕಟ್ಟಿರಬೇಕು. ಅವು ಬಿದ್ದಿಲ್ಲ, ಮೊದಲ ಫ್ಯಾನ್ ಎಳಕೊಂಡೈತಿ, ಫ್ಯಾನ್ ನಿಂತ ಮ್ಯಾಲ ಎದುರಗಾಳಿ ಒಳಗ ನೂಕೇತಿ." ಹಾಜಿರಾಬಿ ತಲೆ ಎತ್ತಿದಳು. "ನಾನೂ ನಮ್ಮವರ ಗಾಡಿಗೆ ದರ್ಗಾದ ದಾರ ಕಟ್ಟೇನ್ರಿ. ಆದ್ರ ಎಲ್ಲಾರೂ ಕಟ್ಟೂದು ಹ್ಯಾಂಡಲಕ್ಕ. ಕಸ್ತೂರೆವ್ವಕ್ಕ ಆ ಸಂದ್ಯಾಗ ಯಾಕ ಕಟ್ಟಿದ್ಲ್ರಿ?"

ಯಾಕೆಂದು ವಿರುಪಾಕ್ಷಪ್ಪನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಹೋದ ವರ್ಷ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ವಾರ, ಗಾಡಿಯ ಹ್ಯಾಂಡಲಿಗೆ ಒಂದು ಕರಿ ದಾರ ಕಟ್ಟಿತ್ತು. ಕಟ್ಟೆಯ ಮೇಲಿನ ಗೆಳೆಯರ ಮುಂದೆ ಆತ ದ್ರಾಕ್ಷಿ ಕತ್ತರಿ ತೆಗೆದು ಅದನ್ನು ಕಚಕ್ಕನೆ ಕತ್ತರಿಸಿದ್ದ. "ಕಬ್ಬಿಣಕ್ಕ ಯಾರ ಕಣ್ಣ ಬೀಳತೈತಿ? ನಮ್ಮಾಕಿಗೆ ತಲಿ ಇಲ್ಲ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಬಾಗಿಲಲ್ಲಿ ನಿಂತಿದ್ದ ಕಸ್ತೂರೆವ್ವ ಒಳಗೆ ಹೋಗಿದ್ದಳು. ಮರುತಿಂಗಳಿನಿಂದ ಆತನ ಕಣ್ಣಿಗೆ ಬೀಳದ ಜಾಗ ಹುಡುಕಿ, ರೇಡಿಯೇಟರಿನ ಹಿಂದಿನ ಸಂದಿಯಲ್ಲಿ, ಆತನದೇ ಕಂಬಳಿಯ ನಾಲ್ಕೈದು ಎಳೆ ಕಿತ್ತು ಹೊಸೆದು ಕಟ್ಟಿದ್ದಳು. ಹನ್ನೊಂದು ಅಮಾವಾಸ್ಯೆ. ಏಳೇಳು ಗಂಟು.

ಆತನಿಗೆ ನಾಚಿಕೆಯಾಯಿತು. ಕಿವಿಯ ತುದಿಯವರೆಗೂ ನಾಚಿಕೆಯಾಯಿತು. ಅದರ ಬೆನ್ನಿಗೇ ಎದೆಯೊಳಗೆ ಇನ್ನೇನೋ ಉಕ್ಕಿ ಬಂತು, ತಡೆಯಲಾಗದ ಖುಷಿ. ಗಾಡಿಯನ್ನು ಕಂಡರೆ ಮೂಗು ಮುರಿಯುವ ಆ ಹೆಂಗಸು ಪ್ರತಿ ತಿಂಗಳೂ ಅದರ ಮುಂದೆ ಮೊಣಕಾಲೂರಿ ಕೂತು, ತನ್ನ ಗಂಡನಿಗೆ ಏನೂ ಆಗದಿರಲಿ ಎಂದು ಗಂಟು ಹಾಕುತ್ತಿದ್ದಳು. ಈತ ಅವಳನ್ನು ಹಿಡಿಯಲು ಬೋನಿನಲ್ಲಿ ಕೊಬ್ಬರಿ ಇಡುತ್ತಿದ್ದ!

"ಲೇ, ನೋಡ ಇದರ ಆಟ," ರಾಜೇಸಾಬ ಬೆರಳು ಮಡಚಿ ಲೆಕ್ಕ ಹಾಕಿದ. "ಆಕಿ ನಿನಗ ಅಂಜಿ ದಾರ ಕಟ್ಟತಾಳ. ದಾರ ಫ್ಯಾನ್ ಹಿಡಿತೈತಿ. ಫ್ಯಾನ್ ನಿಂತ್ರ ಗಾಡಿ ಕುದಿತೈತಿ. ಕುದಿಬಾರ್ದಂತ ನೀ ಜೋರ್ ಹೊಡಿತಿ. ನೀ ಜೋರ್ ಹೊಡದಿ ಅಂತ ಆಕಿ ಮತ್ತಷ್ಟು ಅಂಜಿ ಮತ್ತೊಂದ ದಾರ ಕಟ್ಟತಾಳ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ನೆನಪಾಯಿತು, ಫ್ಯಾನು ಇನ್ನೂ ತಿರುಗಿಲ್ಲ.

ರಾಜೇಸಾಬ ಅಚ್ಚನ್ನು ಸೀಮೆಎಣ್ಣೆಯಿಂದ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ರೆಕ್ಕೆಯನ್ನು ಬೆರಳಿನಿಂದ ನೂಕಿದ. ಹಗುರಾಗಿ ಸುತ್ತಿತು. ಎರಡು ತಂತಿಗಳನ್ನು ಬ್ಯಾಟರಿಗೆ ಮುಟ್ಟಿಸುವ ಮುಂಚೆ ಬಿಸ್ಮಿಲ್ಲಾ ಎಂದ.

ಫ್ಯಾನು ಸುಂಯ್ ಎಂದು ಎದ್ದಿತು. ಎಲ್ಲವನ್ನೂ ಮರಳಿ ಜೋಡಿಸಿ, ಹೊಸ ಫ್ಯೂಜ್ ಹಾಕಿ, ಗಾಡಿಯನ್ನು ನಿಂತಲ್ಲೇ ಕಾಯಿಸಿದರು. ಕಾದದ್ದೇ ತಡ ಫ್ಯಾನು ತಾನಾಗಿ ತಿರುಗಿತು. ಹಾಜಿರಾಬಿ ಪೇಪರಿನ ಚೂರೊಂದನ್ನು ರೇಡಿಯೇಟರಿನ ಮುಂದೆ ಹಿಡಿದಳು. ಅದು ಚಟ್ಟನೆ ಜಾಲರಿಗೆ ಅಂಟಿಕೊಂಡಿತು. ಗಾಳಿ ಒಳಗೆ ಎಳೆಯುತ್ತಿದೆ, ದಿಕ್ಕೂ ಸರಿಯಾಗಿದೆ. ಅರ್ಧ ತಾಸು ಕಾಯಿಸಿದರೂ ದೀಪ ಹತ್ತಲಿಲ್ಲ. ಐವತ್ತಾರು ವಯಸ್ಸಿನ ಇಬ್ಬರು ಗಂಡಸರು ಅಥಣಿಯ ಹಾಡಹಗಲಲ್ಲಿ ಕೈ ಕೈ ಹಿಡಿದು ಕುಣಿದರು.

"ಮನಿಗೆ ಹೋಗಿ ಅಕ್ಕಗ ಬೈಬ್ಯಾಡ್ರಿ ಮತ್ತ," ಎಂದಳು ಹಾಜಿರಾಬಿ.

"ಬೈಯೂದಾ?" ವಿರುಪಾಕ್ಷಪ್ಪ ಹನ್ನೊಂದೂ ದಾರಗಳನ್ನು ಮಡಚಿ ಅಂಗಿಯ ಎದೆಯ ಜೇಬಿನಲ್ಲಿ ಇಟ್ಟುಕೊಂಡ. ಆಕೆಗೆ ಇದನ್ನು ಹೇಳಲೇಬಾರದು, ತನ್ನಿಂದಲೇ ಕೆಟ್ಟಿತು ಎಂದು ನೊಂದುಕೊಂಡಾಳು ಎಂದು ತೀರ್ಮಾನಿಸಿದ. ಆ ತೀರ್ಮಾನ ಒಂದು ದಿನ ಬಾಳಿತು.

ಭಾನುವಾರ ಬೆಳಗ್ಗೆ ಕಸ್ತೂರೆವ್ವ ಮಗುವಿಗೆಂದು ತಾನೇ ಹೊಲಿದ ಪುಟ್ಟ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಅಥಣಿ ದಾಟಿ ಕಾಗವಾಡದ ರಸ್ತೆ ಹಿಡಿಯುತ್ತಲೇ ಕಬ್ಬಿನ ಸಾಲು ಸಿಕ್ಕಿತು. ಏಳು ಟ್ರ್ಯಾಕ್ಟರು, ಹದಿನಾಲ್ಕು ಟ್ರೇಲರು, ಪ್ರತಿಯೊಂದರಲ್ಲೂ ಬೇರೆ ಬೇರೆ ಹಾಡು, ಅರ್ಧ ಕನ್ನಡ, ಅರ್ಧ ಮರಾಠಿ. ಕಸ್ತೂರೆವ್ವ ರೂಢಿಯಂತೆ ಕಣ್ಣು ಮುಚ್ಚಿ ಗಂಡನ ಭುಜ ಬಿಗಿಯಾಗಿ ಹಿಡಿದಳು.

ಏನೂ ಆಗಲಿಲ್ಲ. ಕಣ್ಣು ತೆರೆದಳು. ಗಾಡಿ ಕೊನೆಯ ಟ್ರೇಲರಿನ ಹಿಂದೆ, ಎಮ್ಮೆಯ ಹಿಂದೆ ಕರು ಹೋದಂತೆ, ಸಾವಕಾಶ ಹೋಗುತ್ತಿತ್ತು. ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಆಮೇಲೆ ಆಕೆಯ ಮೊಣಕಾಲಿನ ಮುಂದೆ ಎಲ್ಲಿಯೋ ಸುಂಯ್ ಎಂದು ಸದ್ದೆದ್ದಿತು.

"ಏನ್ರಿ ಅದು ಸಪ್ಪಳಾ?"

"ಫ್ಯಾನು."

"ಹೊಸಾದು ಹಾಕಿಸಿದ್ರಿ?"

"ಹಳೇದ ಐತಿ. ಇಲಿ ಸಿಕ್ಕೊಂಡಿತ್ತು." ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ. ಬಾಯಿ ಕೇಳಲಿಲ್ಲ. "ಕಂಬಳಿ ತಿನ್ನೂ ಇಲಿ. ಭಾಳ ಶ್ಯಾಣ್ಯಾ ಇಲಿ. ಏಳೇಳು ಗಂಟ ಹಾಕ್ತೈತಿ."

ಭುಜದ ಮೇಲಿನ ಕೈ ಸಡಿಲಾಯಿತು. ಅಯ್ಯೋ, ಹೇಳಿಬಿಟ್ಟೆನಲ್ಲ ಎಂದು ವಿರುಪಾಕ್ಷಪ್ಪ ನಾಲಿಗೆ ಕಚ್ಚಿಕೊಂಡ.

"ಎಲ್ಲಾ ಫ್ಯಾನಿನಾಗ ಇದ್ವು?" ಎಂದಳು ಕಸ್ತೂರೆವ್ವ, ಸಣ್ಣ ದನಿಯಲ್ಲಿ.

"ಹನ್ನೊಂದೂ."

"ಹಂಗಾರ ಗಾಡಿ ಕೆಡಿಸಿದಾಕಿ ನಾನ. ಅಥಣ್ಯಾಗ ನೂಕಿದಾಕೀನೂ ನಾನ."

ಆ ಮಾತು ಆಡಿ ಆಕೆಯೇ ಮೊದಲು ನಕ್ಕಳು. ಒಮ್ಮೆ ಶುರುವಾದ ನಗು ನಿಲ್ಲಲಿಲ್ಲ. ಗಂಡನ ಬೆನ್ನಿಗೆ ಗುದ್ದುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಕೌದಿ ಜಾರದಂತೆ ಹಿಡಿಯುತ್ತ ನಕ್ಕಳು. ಆತನೂ ನಕ್ಕ. ಗಾಡಿ ಸ್ವಲ್ಪ ಓಲಾಡಿತು.

"ನನಗ ಗಾಡಿ ಮ್ಯಾಲ ಏನ ಸಿಟ್ಟಿತ್ತ್ರಿ?" ಎಂದಳು ಉಸಿರು ಹಿಡಿದು. "ನೀವು ಹೊಡಿಯೂ ಪರಿಗೆ ಅಂಜಿಕಿ. ಶೇಡಬಾಳದಾಗ ಬಿದ್ರಿ ಅಂತ ಫೋನ್ ಬಂದಾಗಿಂದ, ನೀವು ಮನಿಗೆ ಬರೂತನಕ ನನ್ನ ಜೀವ ಬಾಗಲದಾಗ ಇರ್ತೈತಿ."

"ತಪ್ಪಾತು ಕಸ್ತೂರಿ," ಎಂದ ವಿರುಪಾಕ್ಷಪ್ಪ. ಮೂವತ್ತು ವರ್ಷದಲ್ಲಿ ಆ ಮಾತು ಆತನ ಬಾಯಿಂದ ಬಂದದ್ದು ಇದೇ ಮೊದಲು. "ಅವತ್ತು ನಾಲ್ಕು ಮಂದಿ ಮುಂದ ಕತ್ತರಿ ಆಡಿಸಿದ್ನಲ್ಲ, ಭಾಳ ತಪ್ಪಾತು."

ಶೇಡಬಾಳ ಬಂತು. ಹೋದ ವರ್ಷ ಆತ ಬಿದ್ದ ತಿರುವಿನ ಹತ್ತಿರ ಆಕೆ ಭುಜ ತಟ್ಟಿದಳು.

"ನಿಲ್ಲಸ್ರಿ ಗಾಡಿ."

"ಒಲ್ಲೆ. ನಡುವ ಎಲ್ಲೇ ನಿಂತ್ರೂ ಉತ್ತಮಂದು ಅಂದಿ."

"ನಿಲ್ಲಸ್ರಿ ಅಂದ್ರ!"

"ಸುಮ್ಮ ಕೂಡ್ರು. ರಾಮವ್ವನ ಬಾಗಲಾ ಇನ್ನೂ ದೂರ ಐತಿ."

ಕಸ್ತೂರೆವ್ವ ಸೊಂಟದ ಚೀಲದಿಂದ ಫೋನು ತೆಗೆದಳು. ಟ್ರ್ಯಾಕ್ಟರಿನ ಹಾಡಿಗಿಂತ ಜೋರಾಗಿ ಕೂಗಿದಳು: "ಉತ್ತಮಾ, ಸೋಮವಾರ ಸ್ಕೂಟಿ ತರಬ್ಯಾಡಪಾ! ಗಾಡಿ ನಾವ ಇಟ್ಕೊಂತೇವಿ. ನೀ ಬಸ್ಸಿನ್ಯಾಗ ಬಾ, ಉಂಡು ಹೋಗು!" ಫೋನು ಇಟ್ಟು ಹೇಳಿದಳು, "ಆತಿಲ್ರಿ? ಈಗ ನಿಲ್ಲಸ್ರಿ."

ವಿರುಪಾಕ್ಷಪ್ಪ ಗಾಡಿಯನ್ನು ರಸ್ತೆಯ ಬದಿಗೆ, ಜಾಲಿಮರದ ನೆರಳಿಗೆ ತಂದು ನಿಲ್ಲಿಸಿದ. ಆಕೆ ಇಳಿದು ಅಂಗೈ ಚಾಚಿದಳು. "ಎಲ್ಲಿ ಅದಾವು? ಒಗದಿಲ್ಲಲ್ಲ?"

ಆತ ಎದೆಯ ಜೇಬಿನಿಂದ ದಾರಗಳನ್ನು ತೆಗೆದು ಕೊಟ್ಟ. ಆಕೆ ಆರಿಸಿ ಆರಿಸಿ, ಉದ್ದವಾದ, ಗಟ್ಟಿಯಾದ ಒಂದನ್ನು ತೆಗೆದುಕೊಂಡು ಹ್ಯಾಂಡಲಿಗೆ ಸುತ್ತತೊಡಗಿದಳು. ಇಂದು ಅಮಾವಾಸ್ಯೆಯಲ್ಲ, ಅದಕ್ಕೆ ಇನ್ನೂ ನಾಲ್ಕು ದಿನವಿತ್ತು. ದೇವರು ದೃಷ್ಟಿ ಒಂದನ್ನೂ ನಂಬದ ವಿರುಪಾಕ್ಷಪ್ಪ, ಹ್ಯಾಂಡಲು ಅಲುಗಾಡದಂತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತ.

"ಇನ್ನೊಂದ ಗಂಟ ಹಾಕು," ಎಂದ. "ಬಿಚ್ಚಬಾರ್ದು."

ಆಕೆ ಹಾಕಿದಳು. ಅಷ್ಟರಲ್ಲಿ ಹಿಂದಿನಿಂದ ಇನ್ನೂ ನಾಲ್ಕು ಟ್ರ್ಯಾಕ್ಟರುಗಳು ಬಂದು, ಹಾಡು ಹಾಕಿಕೊಂಡು, ಅವರನ್ನು ದಾಟಿ ಮುಂದೆ ಹೋದವು. ಕಸ್ತೂರೆವ್ವ ಕೌದಿ ಎತ್ತಿಕೊಂಡು ಗಾಡಿ ಹತ್ತಿದಳು, ಸ್ವಲ್ಪ ದೂರ ಹೋದ ಮೇಲೆ ಗಂಡನ ಕಿವಿಯ ಹತ್ತಿರ ಬಂದಳು.

"ಇವನ್ನ ದಾಟ್ರಿ ಇನ್ನ. ಹೋಳಿಗಿ ಆರಿ ಹೋಗ್ತಾವ."

"ಆರಿದ್ರ ಆರಲಿ," ಎಂದ ವಿರುಪಾಕ್ಷಪ್ಪ, ಕೊನೆಯ ಟ್ರೇಲರಿನ ಹಿಂದೆ ತನ್ನ ಗಾಡಿಯನ್ನು ನಿಧಾನವಾಗಿ ಬಿಡುತ್ತ. "ಫ್ಯಾನ್ ತಿರಗಾಕತ್ತೈತಿ, ಕೇಳಕೋತ ಕೂಡ್ರು."